ರಾಹುಕಾಲದಲ್ಲಿ ಓದಿದ ಪ್ರಮಾಣ

"ಮೇಡಂ, ಪ್ರಮಾಣ ಮಾಡದಂಗ ಹೋಗಬ್ಯಾಡ್ರಿ."

ಚುನಾವಣೆಗೆ ನಾಮಪತ್ರ ಕೊಟ್ಟು ಹರಪನಹಳ್ಳಿ ತಾಲ್ಲೂಕು ಕಚೇರಿಯ ಮೆಟ್ಟಿಲಿಳಿಯುತ್ತಿದ್ದ ಪುಷ್ಪಲತಾ ತಟ್ಟನೆ ನಿಂತಳು.

ಕರಿಕೋಟು ತೊಟ್ಟ ಯುವಕ. ಏಪ್ರಿಲ್ ಬಿಸಿಲಿಗೆ ಹಣೆಯೆಲ್ಲ ಬೆವರು. ಆದರೆ ಆ ಕಣ್ಣು... ಯಾಕೋ ಅವಳು ಇನ್ನೊಮ್ಮೆ ನೋಡಿದಳು.

ಅಜ್ಜಿ ಕೊಟ್ರಬಸಮ್ಮನ ಕಥೆಗಳಲ್ಲಿ ದಾರಿಗೆ ಅಡ್ಡ ನಿಲ್ಲುವವನು ಒಂದೋ ರಾಕ್ಷಸ, ಇಲ್ಲ ರಾಜಕುಮಾರ. ಇವನು ಯಾವ ಸಾಲಿಗೆ ಸೇರಿದವನೋ?

"ನಂದು ಬರೇ ಡಮ್ಮಿ ಅರ್ಜಿರಿ. ನಮ್ಮಪ್ಪನ ಅರ್ಜಿಗೆ ಏನರ ಆದ್ರ ಇರಲಿ ಅಂತ ಹಾಕ್ಸ್ಯಾರ," ಎಂದಳು.

"ಡಮ್ಮಿ ಇರಲಿ, ಮತ್ತೊಂದಿರಲಿ. ಇವತ್ತ ಪ್ರಮಾಣ ಓದ್ಲಿಲ್ಲಂದ್ರ ನಾಳೆ ಪರಿಶೀಲನೆಯಾಗ ಬಿದ್ದು ಹೋಗ್ತೈತಿ."

"ಈಗ ರಾಹುಕಾಲ ಐತಲ್ರಿ?"

"ಚುನಾವಣಾ ಆಯೋಗಕ್ಕ ರಾಹು ಯಾರಂತ ಗೊತ್ತಿಲ್ರಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲೇ ಒಳಗೆ ಹೋಗಿ ಅಧಿಕಾರಿಯ ಮುಂದೆ ನಿಂತು ಓದತೊಡಗಿದಳು. 'ಸಾರ್ವಭೌಮತ್ವ' ಎಂಬಲ್ಲಿ ನಾಲಿಗೆ ತೊಡರಿತು. ಬಾಗಿಲ ಬಳಿ ನಿಂತಿದ್ದ ಅವನು ಮೆಲ್ಲಗೆ ಆ ಪದ ಉಸುರಿದ. ಹೊರಗೆ ಬಂದು ಅವಳು ಹೆಸರು ಕೇಳಿದ್ದಕ್ಕೆ ಹಂಪೇಶ್ ಅಂದ, ಅಷ್ಟೇ.

ಮನೆಗೆ ಬಂದರೂ ಆ ದನಿ ಕಿವಿ ಬಿಟ್ಟು ಹೋಗಲಿಲ್ಲ. ಅಪ್ಪ ತನ್ನ ಪ್ರಮಾಣ ಮುಗಿಸಿಯೇ ಹೋಗಿದ್ದಾನೆಂದು ಅವಳು ನಂಬಿದ್ದಳು.

ಮರುದಿನ ಶುಕ್ರವಾರ ನಾಮಪತ್ರಗಳ ಪರಿಶೀಲನೆ.

ಅವಳ ಅಪ್ಪ ಶಿವಯೋಗಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದಿನ ಕುರ್ಚಿಯಲ್ಲೇ ಕೂತಿದ್ದ. ಹದಿನೈದು ವರ್ಷ ಪಕ್ಷದ ಬಾವುಟ ಹೊತ್ತ ಮೇಲೆ ಸಿಕ್ಕ ಟಿಕೆಟ್ಟು. ಎರಡು ಸಾವಿರದ ಎಂಟರ ಈ ಚುನಾವಣೆಯೇ ಅವನ ಬಾಳಿನ ದೊಡ್ಡ ಆಸೆ.

ಅಧಿಕಾರಿ ಅವನ ಹೆಸರು ಓದುತ್ತಿದ್ದಂತೆ, ಎದುರಾಳಿ ಪಾಲಾಕ್ಷಪ್ಪನ ಪಕ್ಕದಿಂದ ಒಬ್ಬ ಎದ್ದು ನಿಂತ.

"ಆಕ್ಷೇಪಣೆ ಐತಿ ಸರ್. ಅಭ್ಯರ್ಥಿ ಪ್ರಮಾಣವಚನ ಸ್ವೀಕರಿಸಿಲ್ಲ."

ಪುಷ್ಪಲತಾ ತಲೆಯೆತ್ತಿದಳು.

ಹಂಪೇಶ್... ಪಾಲಾಕ್ಷಪ್ಪನ ವಕೀಲ!

ಅಪ್ಪ ಗಡಬಡಿಸಿ ಎದ್ದ. ನಿನ್ನೆ ರಾಹುಕಾಲ ಇತ್ತೆಂದು ಬಿಟ್ಟೆ, ಈಗಲೇ ಓದುತ್ತೇನೆ, ಇಲ್ಲೇ ಓದುತ್ತೇನೆ ಎಂದು ಅಂಗಲಾಚಿದ. ಪರಿಶೀಲನೆಯ ದಿನ ಅದಕ್ಕೆ ಅವಕಾಶವಿಲ್ಲ ಎಂದರು ಅಧಿಕಾರಿ.

"ಶಿವಯೋಗಪ್ಪ ಅವರ ನಾಮಪತ್ರ ತಿರಸ್ಕೃತ. ಅದೇ ಪಕ್ಷದ ಬದಲಿ ಅಭ್ಯರ್ಥಿ ಪುಷ್ಪಲತಾ... ಸ್ವೀಕೃತ."

ಇಡೀ ಕೋಣೆ ಅವಳತ್ತ ತಿರುಗಿತು. ನಾನಾ? ನಾನು ಎಮ್ಮೆಲ್ಲೆಗೆ ನಿಂತೆನಾ?

ಅಷ್ಟರಲ್ಲಿ ಪಕ್ಷದ ಹಿರಿಯ ಬೆನಕಪ್ಪ ಎಲ್ಲರಿಗೂ ಕೇಳುವಂತೆ ಅಂದುಬಿಟ್ಟ.

"ನಿನ್ನೆ ಈ ವಕೀಲನ ಜೋಡಿ ನಕ್ಕೋಂತ ಮಾತಾಡಿದ್ದು ನಾ ಕಣ್ಣಾರೆ ನೋಡೀನವ್ವ. ಅಪ್ಪನ ಬುಡಕ್ಕ ಕೊಡ್ಲಿ ಹಾಕಿದ್ಯಲ್ಲ."

ಅಪ್ಪ ಮಗಳ ಮುಖ ನೋಡಿದ. ತಲೆ ತಗ್ಗಿಸಿ ಹೊರಗೆ ನಡೆದ.

ಅದು ಸಾವಿರ ಏಟಿಗಿಂತ ಹೆಚ್ಚು ನೋಯಿಸಿತು ಅವಳಿಗೆ.

ಪ್ರಚಾರ ಶುರುವಾಯಿತು. ಹಲವಾಗಲು, ನೀಲಗುಂದದಂಥ ಊರುಗಳಲ್ಲಿ ಅಪ್ಪ ಮೈಕು ಹಿಡಿದು ಈಕೆ ನಿಮ್ಮ ಮನಿ ಮಗಳು, ಓಟು ಹಾಕಿ ಉಡಿ ತುಂಬ್ರಿ ಎಂದು ಕೈಮುಗಿಯುತ್ತಿದ್ದ. ಜೀಪು ಹತ್ತಿದ ಮೇಲೆ ಮಾತ್ರ ಅದೇ ಮಗಳೊಡನೆ ಒಂದು ಮಾತಿಲ್ಲ. ಊಟಕ್ಕೆ ಬೇರೆ ಕೂರುತ್ತಿದ್ದ. ಅವಳು ನೀರು ಕೊಟ್ಟರೆ ಕಣ್ಣು ತಪ್ಪಿಸುತ್ತಿದ್ದ.

ನಿಮ್ಮಪ್ಪಗ ಹೊತ್ತು ಬೇಕು ತಾಯಿ ಎಂದು ಅಜ್ಜಿ ಸಮಾಧಾನ ಮಾಡಿದಳು. ಆದರೆ ಪುಷ್ಪಲತಾಗೆ ಗೆಲುವೂ ಬೇಡವಾಗಿತ್ತು. ಅಪ್ಪ ಒಮ್ಮೆ 'ಪುಷ್ಪಾ' ಅಂದರೆ ಸಾಕಿತ್ತು.

ಎಲ್ಲದಕ್ಕೂ ಅವನೇ ಕಾರಣ. ಹಾಗಂದುಕೊಂಡಷ್ಟೂ ಆ ಮೆಲ್ಲಗಿನ ದನಿ ನೆನಪಾಗುತ್ತಿತ್ತು. ಛೇ... ದ್ವೇಷಿಸಬೇಕಾದವನು ಹೀಗೆ ನೆನಪಾಗಬಾರದಿತ್ತು.

ಹಲವಾಗಲಿನ ಸಂತೆಯಲ್ಲಿ ಅವನೇ ಎದುರಾದ. ಕರಿಕೋಟಿರಲಿಲ್ಲ, ಹಿಂದೆ ಪಾಲಾಕ್ಷಪ್ಪನ ಜನರೂ ಇರಲಿಲ್ಲ. ಅವಳು ಬೆಂಬಲಿಗರನ್ನು ಬಿಟ್ಟು ನೇರ ಅವನ ಮುಂದೆ ಹೋಗಿ ನಿಂತಳು.

"ಅಪ್ಪನ ಅರ್ಜಿ ಬೀಳ್ಸಿ ನಂದು ಉಳ್ಸಿದ್ರಿ. ಹೆಣ್ಮಗಳು ನಿಂತ್ರ ಪಾಲಾಕ್ಷಪ್ಪಗ ಗೆಲ್ಲೋದು ಸಲೀಸು ಅಂತ. ಹೌದಲ್ಲೋ?"

ಏನೋ ಹೇಳಲು ಬಾಯಿ ತೆರೆದವನ ನೋಟ ಜೀಪಿನಲ್ಲಿ ಕೂತಿದ್ದ ಅವಳ ಅಪ್ಪನ ಕಡೆ ಹೋಯಿತು.

"ಹಂಗ ಅನ್ಕೋರಿ," ಎಂದ. "ಆದ್ರ ಗೆಲ್ರಿ."

ಅವಳು ಕಣ್ಣೀರು ನುಂಗಿ ಜೀಪು ಹತ್ತಿದಳು. ಅಪ್ಪ ಮುಖ ಆಚೆ ತಿರುಗಿಸಿಕೊಂಡ. ಸಿಟ್ಟಿಗೆ ಅಂದುಕೊಂಡಳು.

ಮೇ ತಿಂಗಳ ಕೊನೆಗೆ ಎಣಿಕೆ. ಹಿಂದೆ ಮುಂದೆ ಹೊಯ್ದಾಡಿ, ಕೊನೆಯ ಸುತ್ತಿನಲ್ಲಿ ಪುಷ್ಪಲತಾ ಗೆದ್ದಳು. ಪಾಲಾಕ್ಷಪ್ಪ ಬೆಪ್ಪಾಗಿ ಕೂತ. ಬೆನಕಪ್ಪನಂತೂ ಗುಲಾಲಿನಲ್ಲಿ ಮುಳುಗಿ, ನಮ್ಮ ಹುಡುಗಿ, ನಾನೇ ನಿಲ್ಸಿದ್ದು ಎಂದು ಕುಣಿಯುತ್ತಿದ್ದ.

ಮೆರವಣಿಗೆ ಕೋರ್ಟಿನ ರಸ್ತೆಗೆ ಬಂದಾಗ ಅಪ್ಪ ಜೀಪು ನಿಲ್ಲಿಸಿದ. ಎದುರಿಗೆ ಹಂಪೇಶನ ಸಣ್ಣ ಕಚೇರಿ. ಹುಡುಗರು ಈಗ ಜಗಳ ಗ್ಯಾರಂಟಿ ಎಂದು ಗುಸುಗುಸು ಅಂದರು. ಪುಷ್ಪಲತಾ ಹೆದರಿ ಅಪ್ಪನ ಹಿಂದೆಯೇ ಇಳಿದಳು.

ಹಂಪೇಶ್ ಬಾಗಿಲಿಗೆ ಬಂದ. ಅಪ್ಪ ತನ್ನ ಕೊರಳ ಹಾರ ತೆಗೆದ.

ಅದನ್ನು ಅವನ ಕೊರಳಿಗೆ ಹಾಕಿದ.

ಡೊಳ್ಳು ನಿಂತವು.

"ಆ ಗುರುವಾರ ಮೊದಲು ಬಂದು ಹೇಳಿದ್ದು ನನಗ," ಅಪ್ಪನ ದನಿ ಒಡೆದಿತ್ತು. "ಈಗಲೇ ಪ್ರಮಾಣ ಮಾಡ್ರಿ ಅಂತ ಕಾರಿನ ತನಕ ಬಂದ. ಎದುರಾಳಿ ವಕೀಲ, ಇದರಾಗ ಏನೋ ಮಸಲತ್ತು ಐತಿ ಅಂತ ಬೈದು ಕಳ್ಸಿದೆ. ನನ್ನ ಮಗಳು ನಂಬಿದ್ಲು. ನಾ ನಂಬಲಿಲ್ಲ."

"ಅಪ್ಪಾ..."

"ನಿನ್ನ ಮ್ಯಾಲೆ ಸಿಟ್ಟಿರಲಿಲ್ಲ ಪುಷ್ಪಾ. ಮುಖ ಎತ್ತಾಕ ನಾಚಿಕಿ ಆಗ್ತಿತ್ತು. ನಮಗ ಹೇಳಿದ್ದು ತಿಳಿದು ಪಾಲಾಕ್ಷಪ್ಪ ಇವನ್ನ ಕೆಲಸದಿಂದ ತೆಗೆದು ಹಾಕಿದ. ಆಗೂ ನಾ ಬಾಯಿ ಬಿಡಲಿಲ್ಲ."

ಪುಷ್ಪಲತಾ ಅಪ್ಪನ ಎದೆಗೆ ಒರಗಿ ಅತ್ತುಬಿಟ್ಟಳು. ಇಷ್ಟು ದಿನ ಅವಳು ನೋಡಿದ್ದು ಯಾವ ಸಿಟ್ಟನ್ನ? ಅವಳು ಚುಚ್ಚಿದ್ದು ಯಾರನ್ನ?

ಅಪ್ಪ ಕಣ್ಣೊರೆಸಿಕೊಂಡು, ಮೆರವಣಿಗೆಯವರನ್ನು ಮುಂದಕ್ಕೆ ಸಾಗಹಾಕಿದ. ತಾನೂ ಜೀಪಿನ ಕಡೆ ನಡೆದ.

ಹೊಸ್ತಿಲಲ್ಲಿ ಇಬ್ಬರೇ ಉಳಿದರು.

"ಸಂತ್ಯಾಗ ಅಷ್ಟು ಅಂದ್ರೂ ಯಾಕ ಹೇಳ್ಲಿಲ್ಲ?"

"ನಿಮ್ಮಪ್ಪನ ಮಾತಿಗೆ ಊರಾಗ ಬೆಲಿ ಇತ್ತು. ನಾ ಹೇಳಿದ್ರೂ ಅವರು ಕೇಳ್ಲಿಲ್ಲ ಅಂತ ತಿಳಿದು ಅದು ಹೋದ್ರ ನಿಮ್ಮ ಓಟು ಹೋಗ್ತಿದ್ವು."

"ಆಕ್ಷೇಪಣೆ ಎತ್ತೋವ್ರು ಮೊದಲ ಬಂದು ಹೇಳಿದ್ಯಾಕ ಮತ್ತ?"

"ಎತ್ತೋದು ನನ್ನ ಕೆಲಸ. ಆದ್ರ ಒಬ್ಬರು ಕಣ್ಣೆದುರಿಗೆ ಬಾವಿಗೆ ಬೀಳಾಕ ಹೊಂಟಾಗ ಸುಮ್ಮನಿರೋದು ನನ್ನ ಕೈಲಾಗಲಿಲ್ಲ." ಅವನು ಹಾರದ ಎಸಳೊಂದನ್ನು ಕಿತ್ತ. "ನಿಮ್ಮಪ್ಪಗ ಹೇಳಿದ್ದು ಅದಕ್ಕ. ನಿಮಗ ಹೇಳಿದ್ದು... ಅದಕ್ಕಷ್ಟ ಅಲ್ಲ."

ಅವಳ ಮುಖಕ್ಕೆ ರಂಗೇರಿತು. ಗುಲಾಲಿನ ನಡುವೆ ಅದು ಯಾರಿಗೂ ಕಾಣಲಿಲ್ಲ, ಅವನೊಬ್ಬನಿಗೆ ಬಿಟ್ಟು.

"ಇನ್ನ ನಮ್ಮನಿಗೆ ಮಂದಿ ರಸ್ತೆ ಕೇಳಾಕ, ನೀರು ಕೇಳಾಕ ಬರ್ತಾರ. ನೀವೂ ಬರ್ರಿ."

"ನಾ ಏನು ಕೇಳ್ಲಿ, ಶಾಸಕರ?"

"ನನ್ನನ್ನ ಕೇಳ್ರಿ. ಅಪ್ಪನ ಕಡೆ."

ಹಂಪೇಶ್ ಹೊಸ್ತಿಲು ದಾಟಿ ಹೊರಗೆ ಬಂದ. "ಅವರು ಇಲ್ಲ ಅಂದ್ರ?"

"ಒಮ್ಮೆ ನಿಮ್ಮ ಮಾತು ಕೇಳದೇ ಪೆಟ್ಟು ತಿಂದಾರ." ಅವಳು ಒದ್ದೆ ಕಣ್ಣಲ್ಲೇ ನಕ್ಕಳು. "ಇನ್ನೊಮ್ಮೆ ತಿನ್ನಂಗಿಲ್ಲ."

"ಯಾವಾಗ ಬರ್ಲಿ?"

ಅವಳು ಜೀಪಿನತ್ತ ನೋಡಿದಳು. ಅಪ್ಪ ಹಿಂದಿನ ಸೀಟಿನಲ್ಲಿ ಒತ್ತರಿಸಿಕೊಂಡು ಕೂತಿದ್ದ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು.

"ಈಗ," ಎಂದಳು.