ಹೊಂಗಂಟೆ ಬೆಟ್ಟದ ಹನ್ನೊಂದು ಪೊದೆಗಳು

ಬಹಳ ಬಹಳ ಹಿಂದೆ, ಮೋಡಗಳು ಕೆರೆಗಿಳಿದು ನೀರು ಕುಡಿದು ಹೋಗುತ್ತಿದ್ದ ಕಾಲದಲ್ಲಿ, ಹೊಂಬೆಟ್ಟವೆಂಬ ಒಂದು ರಾಜ್ಯವಿತ್ತು. ಅಲ್ಲಿನ ಆಸ್ಥಾನದಲ್ಲಿ ಹಂಪಯ್ಯನೆಂಬ ಗಿಡಪಂಡಿತನಿದ್ದ. ರಾಜ್ಯದ ಗಿಡಗಳನ್ನೆಲ್ಲ ಹೂವಿನ ಬಣ್ಣ ನೋಡಿ ವಿಂಗಡಿಸುವುದು ಅವನ ಕೆಲಸ. ಹಳದಿ ಹೂ ಬಿಟ್ಟರೆ ಹಳದಿ ಬಳಗ, ಕೆಂಪು ಬಿಟ್ಟರೆ ಕೆಂಪು ಬಳಗ. ಸಾಸಿವೆಗೂ ಚೆಂಡುಹೂವಿಗೂ ಎಲ್ಲಿಂದೆಲ್ಲಿಯ ನಂಟು? ಆದರೂ ಹಂಪಯ್ಯನ ಓಲೆಗರಿಯಲ್ಲಿ ಅವೆರಡೂ ಒಡಹುಟ್ಟಿದವು. ರಾಜನೇ ತಲೆದೂಗಿದ ಮೇಲೆ ಎದುರಾಡುವವರು ಯಾರು?

ಒಂದು ದಿನ ಹಂಪಯ್ಯ ಹೊಂಗಂಟೆಯನ್ನು ಓಲೆಗೆ ಸೇರಿಸಲೆಂದು ಬೆಟ್ಟ ಹತ್ತಿದ. ಹೊಂಗಂಟೆಯೆಂದರೆ ಸೊಂಟದೆತ್ತರದ ಪೊದೆ, ಗಂಟೆಯಂಥ ಹಳದಿ ಹೂ, ಬೆಳೆಯುವುದು ಬೆಟ್ಟದ ನೆತ್ತಿಯಲ್ಲಿ ಮಾತ್ರ. ಆ ನೆತ್ತಿಯಲ್ಲಿ ಧೂಮ್ರಜಟನೆಂಬ ಮಾಂತ್ರಿಕ ಬೀಡುಬಿಟ್ಟಿದ್ದ. ಬಂದವರನ್ನೆಲ್ಲ ಪೊದೆ ಮಾಡಿ ನಿಲ್ಲಿಸುವುದು ಅವನಿಗೊಂದು ಚಟ. ಹಂಪಯ್ಯನೂ ಪೊದೆಯಾದ.

ನೀರಿಗಿಳಿದ ಮೋಡವೊಂದು ಈ ಸುದ್ದಿಯನ್ನು ಅವನ ಮಗಳು ಸೋವಲೆಗೆ ಮುಟ್ಟಿಸಿತು. ತಾಯಿಯಿಲ್ಲದ ಸೋವಲೆಗೆ ಅಪ್ಪನೇ ಎಲ್ಲ. ಅತ್ತಳು, ಕಣ್ಣೊರೆಸಿಕೊಂಡಳು, ಬುತ್ತಿ ಕಟ್ಟಿಕೊಂಡು ಹೊರಟೇಬಿಟ್ಟಳು.

ಮೊದಲ ತಿರುವಿನಲ್ಲಿ ಒಂದು ಕಲ್ಲುಕರಡಿ ದಾರಿಗೆ ಅಡ್ಡ ಕೂತಿತ್ತು. ಅದರ ಮುಂದೆ ಹಳದಿ ಹೂವಿನ ಮೂರು ಪೊದೆ.

"ಇವುಗಳಲ್ಲಿ ಎಷ್ಟು ಜಾತಿ? ಸರಿ ಹೇಳಿದರೆ ದಾರಿ, ತಪ್ಪಿದರೆ ಬೇರು" ಎಂದಿತು ಕರಡಿ.

"ಒಂದೇ ಜಾತಿ. ಎಲ್ಲ ಹಳದಿ ತಾನೇ?" ಎಂದಳು ಸೋವಲೆ, ಅಪ್ಪ ಕಲಿಸಿದ್ದ ಹಾಗೆಯೇ.

ಹೇಳಿ ಮುಗಿಯಲಿಲ್ಲ, ಅವಳ ಎಡಗಾಲಿನ ಬೆರಳುಗಳು ಬೇರಾಗಿ ಮಣ್ಣಿಗಿಳಿದವು. ಕರಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ನಿಮ್ಮಪ್ಪನೂ ಇದನ್ನೇ ಹೇಳಿ ಬೇರುಬಿಟ್ಟ, ಮಾಂತ್ರಿಕ ಅವನನ್ನು ನೆತ್ತಿಗೆ ಒಯ್ದ ಕಣಮ್ಮ! ಇನ್ನೊಂದೇ ಒಂದು ಸಲ ನೋಡು."

ಕಾಲು ಕೀಳಲಾಗದೆ ಸೋವಲೆ ನಿಂತಲ್ಲೇ ಕೂತಳು. ಕೂತದ್ದೇ ಒಳ್ಳೆಯದಾಯಿತು, ಎಲೆಗಳು ಕಣ್ಣಿನ ಮಟ್ಟಕ್ಕೇ ಬಂದವು. ಒಂದು ಪೊದೆಯಲ್ಲಿ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಇದ್ದವು. ಇನ್ನೊಂದರಲ್ಲಿ ಅತ್ತ ಒಂದು, ಇತ್ತ ಒಂದು. ಮತ್ತೊಂದರಲ್ಲಿ ಗೆಣ್ಣಿಗೆ ಮೂರು ಮೂರು ಸುತ್ತಿಕೊಂಡಿದ್ದವು.

"ಮೂರೂ ಬೇರೆ ಬೇರೆ!" ಎಂದು ಕೂಗಿದಳು. ಬೇರು ಮತ್ತೆ ಬೆರಳಾಯಿತು, ಕರಡಿ ಪಕ್ಕಕ್ಕೆ ಸರಿಯಿತು.

ಎರಡನೆಯ ತಿರುವಿನಲ್ಲಿ ಎರಡು ತಲೆಯ ಮಂಗಟ್ಟೆ ಹಕ್ಕಿ ಕೂತಿತ್ತು. ಅದರ ಮುಂದೆಯೂ ಮೂರು ಹಳದಿ ಪೊದೆ. ಒಂದಕ್ಕೆ ಅಗಲ ಎಲೆ, ಒಂದಕ್ಕೆ ಸಣ್ಣ ಎಲೆ, ಒಂದಕ್ಕೆ ಸೂಜಿಯಂಥ ಎಲೆ.

"ಯಾವ ಎರಡು ದಾಯಾದಿಗಳು?" ಎಂದು ಕೇಳಿತು ಎಡತಲೆ.

"ಅವಳಿಗೆಲ್ಲಿ ಗೊತ್ತಾಗಬೇಕು, ಸುಮ್ಮನಿರು" ಎಂದಿತು ಬಲತಲೆ.

ಅವೆರಡೂ ಜಗಳಾಡುತ್ತಿರುವಾಗಲೇ ಸೋವಲೆ ಹೂಗಳನ್ನು ಬಿಡಿಸಿ ಎಣಿಸಿದಳು. ಅಗಲ ಎಲೆಯದಕ್ಕೂ ಸೂಜಿ ಎಲೆಯದಕ್ಕೂ ಐದೈದು ಎಸಳು, ಬುಡದಲ್ಲಿ ಕೂಡಿಕೊಂಡಿದ್ದವು, ಒಳಗೆ ಹತ್ತು ಕೇಸರ. ಸಣ್ಣ ಎಲೆಯದಕ್ಕೆ ನಾಲ್ಕೇ ಎಸಳು, ಬಿಡಿಬಿಡಿ.

"ಅಗಲವೂ ಸೂಜಿಯೂ ದಾಯಾದಿಗಳು. ಎಲೆಯೊಂದನ್ನೇ ನೋಡಿದ್ದರೆ ಮೋಸಹೋಗುತ್ತಿದ್ದೆ" ಎಂದಳು. ಎರಡೂ ತಲೆಗಳು ಬಾಯಿ ಮುಚ್ಚಿಕೊಂಡು ದಾರಿ ಬಿಟ್ಟವು.

ಮೂರನೆಯ ತಿರುವು ದಾಟಿದರೆ ಬೆಟ್ಟದ ನೆತ್ತಿ. ಕಣ್ಣು ಹಾಯುವವರೆಗೂ ಹೊಂಗಂಟೆ! ಇಡೀ ನೆತ್ತಿ ಹಳದಿಯೋ ಹಳದಿ. ನಡುವೆ ಧೂಮ್ರಜಟ ಜಡೆ ಹರಡಿಕೊಂಡು ಕೂತಿದ್ದ.

"ಬಾ ಹುಡುಗಿ. ಹೊತ್ತು ಮುಳುಗುವುದರೊಳಗೆ ನಿನ್ನಪ್ಪ ಯಾವನೆಂದು ತೋರಿಸು. ತಪ್ಪಿದರೆ ನೀನೂ ಇಲ್ಲೇ ಹೂ ಬಿಟ್ಟುಕೊಂಡಿರು."

ಸೋವಲೆ ಎಲೆ ನೋಡಿದಳು. ಎಲ್ಲಕ್ಕೂ ಜೋಡಿ ಎಲೆ. ಹೂ ಬಿಡಿಸಿದಳು. ಎಲ್ಲಕ್ಕೂ ಐದು ಎಸಳು, ಹತ್ತು ಕೇಸರ. ಬಿಸಿಲು ಇಳಿಯುತ್ತ ಬಂತು. "ಅಪ್ಪಾ, ಎಲ್ಲಿದ್ದೀರಪ್ಪಾ?" ಎಂದು ಕರೆದಳು.

ಆಗ ಗಾಳಿ ಬೀಸಿತು. ಬಾಡಿದ ಹೂಗಳು ಸುತ್ತಲೂ ಉದುರಿದವು. ಉದುರಿದ ಕಡೆ ಪುಟ್ಟ ಪುಟ್ಟ ಹಸಿರು ಕಾಯಿ ಇಣುಕಿದವು. ಆದರೆ ಅವಳೆದುರಿಗಿದ್ದ ಒಂದು ಪೊದೆಯಿಂದ ಒಂದು ಹೂವೂ ಬೀಳಲಿಲ್ಲ. ಸೋವಲೆ ಅದರ ರೆಂಬೆ ರೆಂಬೆ ತಡಕಿದಳು. ಬರೀ ಹೂ, ಒಂದು ಮೊಗ್ಗಿಲ್ಲ, ಒಂದು ಕಾಯಿಯಿಲ್ಲ. ಸೆರಗು ಸಿಕ್ಕಿಸಿಕೊಂಡು ನೆತ್ತಿಯ ತುಂಬ ಓಡಿದಳು. ಅಂಥವು ಇನ್ನೂ ಹತ್ತು ಸಿಕ್ಕವು.

"ಎಲೈ ಮಾಂತ್ರಿಕ, ಗಿಡವೆಂದರೆ ಹೂವಷ್ಟೇ ಎಂದುಕೊಂಡೆಯಾ? ಮೊಗ್ಗೂ ಕಾಯಿಯೂ ಇಲ್ಲದ ಈ ಹನ್ನೊಂದೂ ಹೊಂಗಂಟೆಯಲ್ಲ, ಗಿಡವೇ ಅಲ್ಲ. ಇವರು ಮನುಷ್ಯರು. ಇವರಲ್ಲೊಬ್ಬರು ನನ್ನಪ್ಪ!"

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಯಾವ ಮಾಟವೂ ನಿಲ್ಲುವುದಿಲ್ಲ. ಧೂಮ್ರಜಟ ಹೊಗೆಯಾಗಿ ಹಾರಿಹೋದ. ಪೊದೆಗಳು ಮೈಮುರಿದು ಎದ್ದು ನಿಂತವು. ಬುಟ್ಟಿ ಹೆಣೆಯುವವಳು, ಕುರಿಗಾಹಿ, ಜೇನು ಕೀಳುವ ಅಣ್ಣತಮ್ಮಂದಿರು, ಕೊನೆಗೆ ತಲೆಯಿಂದ ಹೂ ಉದುರಿಸಿಕೊಳ್ಳುತ್ತ ಹಂಪಯ್ಯ.

ಸೋವಲೆ ಓಡಿಹೋಗಿ ತಬ್ಬಿಕೊಂಡಳು. ಇಬ್ಬರೂ ಅತ್ತರು, ಇಬ್ಬರೂ ನಕ್ಕರು. "ನೀನೂ ನನ್ನ ಓಲೆ ನಂಬಿಕೊಂಡಿದ್ದರೆ ನಾನು ಇಲ್ಲೇ ಇರುತ್ತಿದ್ದೆ ಮಗಳೇ. ಅದು ಹೇಗೆ ಕಂಡುಹಿಡಿದೆ?" ಎಂದ ಹಂಪಯ್ಯ.

"ಕೂತುಕೊಳ್ಳಿ ಅಪ್ಪಾ, ತೋರಿಸುತ್ತೇನೆ" ಎಂದಳು ಸೋವಲೆ.

ರಾಜ್ಯದ ದೊಡ್ಡ ಪಂಡಿತ ಮಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಇಳಿಯುವ ದಾರಿಯಲ್ಲೂ ಪೊದೆ ಪೊದೆಗೆ ನಿಂತು, "ಇದು ಯಾರ ದಾಯಾದಿ, ಮಗಳೇ?" ಎಂದು ಕೇಳುತ್ತಲೇ ಬಂದ. ಹಸಿದ ಹತ್ತು ಮಂದಿ ಹಿಂದಿನಿಂದ, "ಸ್ವಾಮಿ, ಬೇಗ ನಡೀರಿ, ಮನೇಲಿ ಕಾಯ್ತಿರ್ತಾರೆ!" ಎಂದು ಗೋಗರೆಯುತ್ತಿದ್ದರು. ಅಪ್ಪ ಮಗಳಿಗೆ ಅದು ಕೇಳಿಸಲೇ ಇಲ್ಲ. ಹೊಂಬೆಟ್ಟದಲ್ಲಿ ಅಂದಿನಿಂದ ಯಾರ ಮನೆಯಲ್ಲೂ ನಗುವಿಗೆ ಬರಗಾಲ ಬರಲಿಲ್ಲ.