ಹಲ್ಲು ನೋಡಿದ ಮೇಲೆ

"ನಿಶ್ಚಯ ಮುರದೇನಿ. ಬ್ಯಾರೆ ಗಂಡು ನೋಡ್ಕೊ."

ಸತ್ತಿ ಊರಿನ ಹೊಳೆದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಮಾಳು ಮುಖ ಆಚೆ ತಿರುಗಿಸಿಕೊಂಡೇ ಹೇಳಿದ. ಎಡಗೆನ್ನೆ ಮುಚ್ಚುವಂತೆ ಟವೆಲ್ ಸುತ್ತಿಕೊಂಡಿದ್ದ. ಅನುಸೂಯಾ ಅವನ ಎದುರಿಗೆ ಬಂದು ನಿಂತಳು. ಮುಂದಿನ ತಿಂಗಳು ಅವರಿಬ್ಬರ ಮದುವೆ. ಕದ್ದು ಕದ್ದು ಅವಳನ್ನೇ ನೋಡಿ ನಗುತ್ತಿದ್ದ ಕಣ್ಣು ಈಗ ಅವಳೊಬ್ಬಳನ್ನು ಬಿಟ್ಟು ಊರೆಲ್ಲ ನೋಡುತ್ತಿತ್ತು.

"ಬ್ಯಾರೆ ಯಾವ ಹುಡಗೀರೆ ಅದಾಳೇನು?"

"ಇಲ್ಲ."

"ಹಂಗಾರ ಇತ್ತಾಗ ನೋಡು."

ನೋಡಲಿಲ್ಲ. ಅವಳೂ ಕುರಿಗಾರರ ಮನೆಯವಳೇ. ಸಂತೆಯಲ್ಲಿ ಟಗರು ಕೊಳ್ಳುವಾಗ ಹಲ್ಲು ನೋಡುವಂತೆ ಗದ್ದ ಹಿಡಿದು ಬಾಯಿ ತೆರೆಸಿಯೇಬಿಟ್ಟಳು. ಮಾಳು "ಯವ್ವಾ" ಎಂದು ಅಲ್ಲೇ ಕುಸಿದ. ದವಡೆಹಲ್ಲೊಂದು ಹುಳುಕು ಹಿಡಿದು ಕಪ್ಪಾಗಿತ್ತು.

"ಹಲ್ಲಿನ ಕ್ಯಾಂಪಿನಾಗ ಎಕ್ಸರೇ ತಗದ್ರು. ದವಡಿ ಎಲುಬಿನಾಗ ಬೆಳ್ಳಗ ಗಡ್ಡಿ ಕಂಡಂಗಾತು. ನಮ್ಮ ಕಾಕಾ ದವಡಿ ಕ್ಯಾನ್ಸರಿನಾಗ ಹ್ವಾದ. ಡಾಕ್ಟರ್ ಏನರೆ ಹೇಳೂದ್ರಾಗ ಓಡಿ ಬಂದೆ. ನಿನ್ನ ಕುಂಕುಮ ಅಳಸಾಕ ಮದುವಿ ಆಗ್ಲೇನು?"

ಅವಳು ಅಳುತ್ತಲೇ ಬೈದಳು. "ಯಾರೂ ಹೇಳಲಾರದ ನೀನ ಸಾಯಾಕ ಹೊಂಟಿಯೇನು? ಏಳು, ಅಥಣಿಗೆ ಹೋಗೂಣು."

ಅಥಣಿಯ ಹಲ್ಲಿನ ಡಾಕ್ಟರ್ ಸನ್ಮತಿ ಆ ಹಲ್ಲನ್ನು ತಟ್ಟಿ ನೋಡಿದರು, ತಣ್ಣನೆಯ ಹತ್ತಿ ಮುಟ್ಟಿಸಿದರು, ಮತ್ತೆ ಎಕ್ಸರೇ ತೆಗೆದರು. ಬಾಗಿಲಲ್ಲಿ ನಿಂತ ಅನುಸೂಯಾ ಬೀರದೇವರಿಗೆ ಹೊರದ ಹರಕೆ ಉಳಿಯಲಿಲ್ಲ. ಇವನಿಲ್ಲದ ಮನೆ, ಇವನಿಲ್ಲದ ಹೊಳೆದಂಡೆ ನೆನೆಯುವುದೇ ಅವಳಿಂದ ಆಗುತ್ತಿರಲಿಲ್ಲ.

"ಕ್ಯಾನ್ಸರ್ ಅಲ್ರಿ ಇದು," ಎಂದರು ಡಾಕ್ಟರ್. "ಹಲ್ಲಿನ ಜೀವ ಹೋಗಿ ಬೇರಿಗೆ ನಂಜಾಗೇತಿ. ಅದನ್ನ ತಡ್ಯಾಕ ಸುತ್ತಲಿನ ಎಲುಬು ಗಟ್ಟಿ ಆಗೇತಿ, ಅದಕ್ಕ ಬೆಳ್ಳಗ ಕಾಣತೈತಿ. ಹಲ್ಲು ಉಳಿಯೂ ಹಂಗಿಲ್ಲ, ಕೀಳೂಣು. ಎಲುಬು ಹೆಂಗ ಆಗತೈತಿ ಅಂತ ಮುಂದ ಮತ್ತ ಎಕ್ಸರೇ ತಗದು ನೋಡೂಣು."

ಹಲ್ಲು ಕಿತ್ತ ಮೇಲೆ ಹತ್ತಿ ಕಚ್ಚಿಸಿ, ಮಾತಾಡಬೇಡ ಎಂದು ಹೊರಗೆ ಕೂರಿಸಿದರು. ಅನುಸೂಯಾ ಪಕ್ಕದಲ್ಲಿ ಬಂದು ಕುಳಿತಳು.

"ಈಗರೆ ಸುಮ್ನ ಕೇಳು. ನಿನಗ ಕ್ಯಾನ್ಸರ್ ಆಗಿದ್ರೂ ನಾ ಬಿಡ್ತಿದ್ದಿಲ್ಲ. ನನ್ನ ಕೇಳಲಾರದ ಒಬ್ಬಾಂವನ ಸಾಯಾಕ ಹೊಂಟಿದ್ದಿಯಲ್ಲ, ಅದಕ್ಕ ಸಿಟ್ಟು ನನಗ. ಹಲ್ಲು ನೋಡೇನಿ. ಇನ್ನ ಬ್ಯಾರೇದವರಿಗೆ ಬಿಡಂಗಿಲ್ಲ."

ಮತ್ತೆ ಕೆನ್ನೆಗೆ ಟವೆಲ್ ಸುತ್ತಿಕೊಳ್ಳುತ್ತಿದ್ದ ಮಾಳು ಅರ್ಧಕ್ಕೇ ನಿಲ್ಲಿಸಿದ. ಟವೆಲ್ ತೆಗೆದು ಮಡಿಲಲ್ಲಿಟ್ಟು, ಅವಳ ಕಡೆಗೆ ಪೂರಾ ತಿರುಗಿ, ಬಾತ ಕೆನ್ನೆಯನ್ನು ಅವಳ ಅಂಗೈಗೆ ಕೊಟ್ಟ.