ಕಲ್ಲುಕೇರಿಗೆ ನೀರು ಬಂದ ಕತೆ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಸೊನ್ನಗಿರಿ ಅಂತ ಒಂದು ರಾಜ್ಯವಿತ್ತು. ಅಲ್ಲಿ ಜಟಾಮುಂಡನೆಂಬ ಮಾಂತ್ರಿಕನಿದ್ದ. ಅವನು ಊರಿನ ನಟ್ಟನಡುವೆ ಬೂದಿಯಿಂದ ಒಂದು ಗೆರೆ ಎಳೆದ. ಬಿಳಿ ಮೈಯವರು ಗೆರೆಯ ಆಚೆ, ಸಿಹಿನೀರಿನ ಕೆರೆಯ ದಡದಲ್ಲಿ. ಕಪ್ಪು ಮೈಯವರು ಈಚೆ, ಕಲ್ಲುಕೇರಿಯಲ್ಲಿ. ಕಪ್ಪು ಮೈಯವರು ಗೆರೆ ದಾಟಿದರೆ ನಿಂತಲ್ಲೇ ಕಲ್ಲಾಗುತ್ತಿದ್ದರು. ದಾಟದೆ ಇದ್ದರೂ ಸುಖವಿಲ್ಲ, ಬಿಳಿ ಮೈಯವರ ದನಿ ಕೇಳಿದ ಕೂಡಲೇ ಮೂರು ಹೆಜ್ಜೆ ಹಿಂದೆ ಸರಿಯಬೇಕು. ಹೀಗೆ ನೂರು ವರ್ಷ ನಡೆಯಿತು.

ಕಲ್ಲುಕೇರಿಯಲ್ಲಿ ಬೀಸುಕಲ್ಲು ಕಡೆಯುವ ಸಂಕವ್ವ ಎಂಬವಳಿದ್ದಳು. ಅವಳಿಗೆ ಚೆಲುವಿ ಅಂತ ಮೂರು ವರ್ಷದ ಮಗಳು. ಕೇರಿಗೆ ಇದ್ದದ್ದು ಒಂದೇ ಬಾವಿ, ಅದೂ ಉಪ್ಪುನೀರು. ಅದನ್ನು ಕುಡಿದು ಕುಡಿದು ಮಗು ಸೊರಗಿತು.

"ಸಿಹಿನೀರು ಕುಡಿಸು ಕಣವ್ವ. ಇಲ್ದಿದ್ರೆ ಈ ಕೂಸು ಮಳೆಗಾಲ ಕಾಣಾಕಿಲ್ಲ" ಎಂದಳು ಸೂಲಗಿತ್ತಿ.

ಸಂಕವ್ವ ಸೆರಗನ್ನು ಒದ್ದೆ ಮಾಡಿಕೊಂಡು ಹೋಗಿ ಗೆರೆಯನ್ನು ಒರಸತೊಡಗಿದಳು. ಬೆರಳು ಕಲ್ಲಾಯಿತು, ಬಿಡಲಿಲ್ಲ. ಮೊಣಕೈ ಕಲ್ಲಾಯಿತು, ಬಿಡಲಿಲ್ಲ. ಕೊನೆಯ ಚೂರು ಬೂದಿ ಅಳಿಸಿದಾಗ ಮಾಂತ್ರಿಕ ಉಪ್ಪಿನಂತೆ ಕರಗಿಹೋದ. ಅವನ ಜೀವ ಗೆರೆಯಲ್ಲೇ ಇತ್ತು. ಕಲ್ಲಾದವರೆಲ್ಲ ಎದ್ದು ಕೂತರು, ಸಂಕವ್ವನ ಕೈಯೂ ಕೈಯಾಯಿತು. ಅಲ್ಲಿಯವರೆಗೆ ಮಾಂತ್ರಿಕನಿಗೆ ಹೆದರಿ ಕೂತಿದ್ದ ರಾಜನು ಕಿರೀಟವನ್ನು ಕೆರೆಗೆ ಎಸೆದು, "ಇನ್ನು ಮೇಲೆ ಊರೇ ಅರಸು" ಎಂದ.

ಬೇರೆಯವರು ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ. ನನ್ನ ಹಣೆಬರಹ, ನನ್ನದು ಮುಗಿಯುವುದಿಲ್ಲ.

ಸಂಕವ್ವ ಕೊಡ ಹಿಡಿದು ಕೆರೆಗೆ ಹೋದಳು. ಮೆಟ್ಟಿಲ ಮೇಲೆ ಮಾಂತ್ರಿಕ ಕಾವಲಿಗಿಟ್ಟಿದ್ದ ಮೂರು ತಲೆಯ ಹುಲಿ ಮಲಗಿತ್ತು.

"ಮಾಂತ್ರಿಕ ಸತ್ನಲ್ಲ, ನೀನ್ಯಾಕೆ ಇನ್ನೂ ಇಲ್ಲೇ ಇದೀಯ?"

"ಕೆರೆ ಕಾಯುವುದು ನನ್ನ ಕೆಲಸ" ಎಂದಿತು ಹುಲಿ. "ಮೊದಲು ಅವನು ಹೇಳಿದಂತೆ ಕೇಳುತ್ತಿದ್ದೆ. ಈಗ ಊರು ಹೇಳಿದಂತೆ ಕೇಳುತ್ತೇನೆ. ಊರು ಒಪ್ಪಿದೆಯಾ?"

ಸಂಕವ್ವನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಊರನ್ನೇ ಕೇಳೋಣ ಅಂತ ಹೊರಟಳು.

ಸೋಮವಾರ ಬಯಲಿನಲ್ಲಿ ಸಭೆ ಸೇರಿತು. ಅಡ್ಡಲಾಗಿ ಹಗ್ಗ ಹಾಸಿದ್ದರು. ಬೇಕು ಎನ್ನುವವರು ಹಗ್ಗ ದಾಟಬೇಕು. ದಾಟಿದವರು ಹೆಚ್ಚಾದರೆ ಊರು ಒಪ್ಪಿದಂತೆ. ಕಲ್ಲುಕೇರಿಯವರೇ ಹೆಚ್ಚು ಜನ, ಇನ್ನೇನು ಚಿಂತೆ? ಮುದಿ ಮಂತ್ರಿ ಧರಣಯ್ಯ ಹಗ್ಗದ ಆಚೆ ನಿಂತು ಕೂಗಿದ: "ಕಲ್ಲುಕೇರಿಗೆ ಕೆರೆಯ ನೀರು ಬೇಕೆನ್ನುವವರು ದಾಟಿ ಬನ್ನಿ!"

ಬಿಳಿ ಮೈಯವನ ದನಿ ಕೇಳಿದ್ದೇ ತಡ, ಕಲ್ಲುಕೇರಿ ಇಡಿಯಾಗಿ ಮೂರು ಹೆಜ್ಜೆ ಹಿಂದೆ ಸರಿಯಿತು. ಸಂಕವ್ವನೂ ಸರಿದಳು.

"ನಿಮಗೇ ಬೇಡವೇ?" ಎಂದ ಧರಣಯ್ಯ. ಪಾಪ, ಕೆಟ್ಟವನಲ್ಲ, ನಿಜವಾಗಿಯೂ ಕಂಗಾಲಾಗಿದ್ದ.

"ಬೇಕು ಬುದ್ಧಿ!" ಎಂದು ಕೂಗುತ್ತ ಅವರು ಮತ್ತೆ ಮೂರು ಹೆಜ್ಜೆ ಹಿಂದೆ ಹೋದರು. ನೀರು ಬೇಡವೆಂದೇ ತೀರ್ಮಾನವಾಯಿತು. ಆ ವಾರ ಚೆಲುವಿ ಎದ್ದು ನಡೆಯುವುದನ್ನು ಬಿಟ್ಟಳು.

ಎರಡನೆಯ ಸೋಮವಾರ ಕಲ್ಲುಕೇರಿಯವರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡು ಬಂದರು. ದನಿ ಕೇಳದಿದ್ದರೆ ಕಾಲು ಸರಿಯುವುದಿಲ್ಲವಲ್ಲ! ಸರಿಯಲಿಲ್ಲ, ನಿಜ. ಆದರೆ ಮಂತ್ರಿ ಕೂಗಿದ್ದೂ ಯಾರಿಗೂ ಕೇಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ಬಿಸಿಲಿನಲ್ಲಿ ನಿಂತೇ ಇದ್ದರು. ಸಭೆ ಮುಗಿಯಿತು. ಆ ವಾರ ಚೆಲುವಿ ಮಾತು ಬಿಟ್ಟಳು.

ಸಂಕವ್ವ ಹುಲಿಯ ಹತ್ತಿರ ಅತ್ತಳು. "ಇದು ಅವನ ಮಾಯೆಯಾ, ನಮ್ಮ ದಡ್ಡತನವಾ?"

ಹುಲಿಯ ಮೂರು ತಲೆಗಳೂ ಒಂದನ್ನೊಂದು ನೋಡಿಕೊಂಡವು. "ನಮಗೂ ತಿಳಿಯದು" ಎಂದವು.

ಮೂರನೆಯ ಸೋಮವಾರ ಸಂಕವ್ವ ಕೇರಿಯವರನ್ನೆಲ್ಲ ಹಗ್ಗದ ಪಕ್ಕಕ್ಕೇ ತಂದಳು. ಎಲ್ಲರನ್ನೂ ಹಿಂದುಮುಂದಾಗಿ, ಮಂತ್ರಿಗೆ ಬೆನ್ನು ಮಾಡಿ ನಿಲ್ಲಿಸಿದಳು. ಧರಣಯ್ಯ ಕೂಗಿದ. ಕಲ್ಲುಕೇರಿ ಮೂರು ಹೆಜ್ಜೆ ಹಿಂದೆ ಸರಿಯಿತು. ಹಗ್ಗ ದಾಟಿತು!

"ಬೆನ್ನು ಮುಂದಾಗಿ ದಾಟಬಹುದು ಅಂತ ಎಲ್ಲೂ ಬರೆದಿಲ್ಲವಲ್ಲ" ಎಂದು ಧರಣಯ್ಯ ತಲೆ ಕೆರೆದುಕೊಂಡ.

"ದಾಟಬಾರ್ದು ಅಂತ್ಲೂ ಬರ್ದಿಲ್ಲ ಬುದ್ಧಿ" ಎಂದಳು ಸಂಕವ್ವ, ತಿರುಗದೆಯೇ.

ಹುಲಿ ಎದ್ದು ದಾರಿ ಬಿಟ್ಟಿತು. ಅಂದೇ ಚೆಲುವಿ ಒಂದು ಬೊಗಸೆ ಸಿಹಿನೀರು ಕುಡಿದಳು. ಎಂಟು ದಿನಕ್ಕೆ ಎದ್ದು ಕೂತಳು. ತಿಂಗಳಿಗೆ ಕೇರಿಯೆಲ್ಲ ಓಡಾಡಿ ಗಲಾಟೆ ಮಾಡಿದಳು. ಕೇರಿಗೆ ಕಾಲುವೆಯೂ ಬಂತು.

ಒಂದು ದಿನ ಕಾಲುವೆ ನೋಡಲು ಧರಣಯ್ಯ ಬಂದ. "ಹೇಗಿದ್ದೀಯಮ್ಮ?" ಎಂದ. ಸಂಕವ್ವ ಮೂರು ಹೆಜ್ಜೆ ಹಿಂದೆ ಸರಿದಳು. ಏನು ಮಾಡಬೇಕೋ ತೋಚದೆ ಅವನೂ ಮೂರು ಹೆಜ್ಜೆ ಹಿಂದೆ ಸರಿದ. ಇಬ್ಬರಿಗೂ ನಾಚಿಕೆಯಾಯಿತು.

"ಕೂತ್ಕೊಳ್ಳಿ ಬುದ್ಧಿ" ಎಂದಳು ಸಂಕವ್ವ. "ಕೂತ್ರೆ ಕಾಲು ಸರಿಯಾಕಿಲ್ಲ."

ಅವನು ಕೂತ. ಅವಳೂ ಕೂತಳು. ನೂರು ವರ್ಷದಲ್ಲಿ ಹಾಗೆ ಯಾರೂ ಕೂತಿರಲಿಲ್ಲ, ಹಾಗಾಗಿ ಏನು ಮಾತಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ನೀರು ಸಿಹಿಯಾಗಿದೆಯಾ?" ಎಂದು ಕೇಳಿದ ಅವನು.

ಸಂಕವ್ವನಿಗೆ ಸಿಟ್ಟು ಬಂತು, ಅಳುವೂ ಬಂತು, ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ. "ಮೊದ್ಲಿಂದ್ಲೂ ಸಿಹಿಯಾಗೇ ಇತ್ತಂತಲ್ಲ ಬುದ್ಧಿ" ಎಂದಳು. "ನಮ್ಮವ್ವ ಅದನ್ನ ಕುಡೀದೇ ಸತ್ಲು."

ಧರಣಯ್ಯ ತಲೆ ತಗ್ಗಿಸಿದ, ಎದ್ದು ಹೋಗಲಿಲ್ಲ. ಆಮೇಲೆ ಸೊನ್ನಗಿರಿಯಲ್ಲಿ ಎಲ್ಲರೂ ಸುಖವಾಗಿದ್ದರು ಅಂತ ಹೇಳುತ್ತಾರೆ. ಇರಬಹುದು. ನನಗೆ ಗೊತ್ತಿರುವುದು ಇಷ್ಟೇ, ಹೊತ್ತು ಮುಳುಗುವವರೆಗೂ ಅವರಿಬ್ಬರೂ ಅಲ್ಲೇ ಕೂತಿದ್ದರು.